ರತ್ನಗಂಬಳಿಯ ಬೆನ್ನು

ಮೈಸೂರಿನ ಹಳೆಯ ಬಡಾವಣೆಗಳಲ್ಲೊಂದಾದ ಕೃಷ್ಣಮೂರ್ತಿಪುರಂನಲ್ಲಿ ಮಂಗಳೂರು ಹೆಂಚಿನ ಮಾಡು, ಕೆಂಪು ಗಾರೆಯ ನೆಲ, ವಿಶಾಲವಾದ ಹಜಾರವುಳ್ಳ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯಲ್ಲಿ ಒಂದು ರತ್ನಗಂಬಳಿ. ಮದುವೆಗೋ, ಗುರುಗಳ ಪಾದಪೂಜೆಗೋ ಹೊರತೆಗೆದು ಹಾಸಿ, ಕಾರ್ಯ ಮುಗಿದ ಮೇಲೆ ಮತ್ತೆ ಸುರುಳಿ ಸುತ್ತಿ ಅಟ್ಟಕ್ಕೆ ಏರಿಸುವುದು ವಾಡಿಕೆ. ವಿಚಾರಿಸಿದರೆ ಮನೆಯ ಹಿರಿಯರು, "ಇದು ಇರಾನಿನದು. ನಮ್ಮ ತಾತನವರು ತಂದದ್ದು. ಇನ್ನೂರು ವರ್ಷವಾದರೂ ಆಗಿರಬೇಕು" ಎನ್ನುತ್ತಾರೆ. ಈ ಮಾತಿನಲ್ಲಿ ಮೂರು ಹೇಳಿಕೆಗಳಿವೆ. ತಂದವರು ಯಾರು ಎಂಬುದಕ್ಕೆ ಹಿರಿಯರ ನೆನಪೇ ಸಾಕ್ಷಿ. ನೇಯ್ದ ನಾಡು ಯಾವುದು, ವಯಸ್ಸೆಷ್ಟು ಎಂಬ ಉಳಿದೆರಡಕ್ಕೆ ಸಾಕ್ಷಿ ನುಡಿಯಬೇಕಾದುದು ರತ್ನಗಂಬಳಿಯೇ.

ಇಂತಹ ವಿಚಾರಣೆ ಬರಿಯ ಕುತೂಹಲದ ಮಾತಲ್ಲ. ಮನೆ ಪಾಲಾಗುವಾಗ, ಹಳೆಯ ಸಾಮಾನಿನ ವ್ಯಾಪಾರಿ ಬಾಗಿಲಿಗೆ ಬಂದಾಗ, ದಾನಿಗಳು ಅದನ್ನು ಒಂದು ವಿದ್ಯಾಸಂಸ್ಥೆಗೆ ಒಪ್ಪಿಸುವಾಗ ಈ ಪ್ರಶ್ನೆ ತಪ್ಪದೆ ಏಳುತ್ತದೆ. ಸಂಸ್ಥೆಯ ಸ್ಟಾಕ್ ಪುಸ್ತಕದಲ್ಲಿ ಗುಮಾಸ್ತರು ಒಮ್ಮೆ 'ಪರ್ಶಿಯನ್ ಕಾರ್ಪೆಟ್' ಎಂದು ಬರೆದರೆ ಮುಂದಿನ ಐವತ್ತು ವರ್ಷ ಅದನ್ನು ಯಾರೂ ತಿದ್ದುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ವಯಸ್ಸು ಮುಖ್ಯ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕರಕುಶಲ ವಸ್ತು ಪುರಾತನ ವಸ್ತು ಎನಿಸಿಕೊಳ್ಳುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಿನದು ನೇಯ್ದವರ ಹೆಸರಿನ ಪ್ರಶ್ನೆ. ಕೈ ಒಂದು ನಾಡಿನದು, ಕೀರ್ತಿ ಇನ್ನೊಂದು ನಾಡಿಗೆ ಎಂಬಂತಹ ತಪ್ಪು ರತ್ನಗಂಬಳಿಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ನಡೆದಿದೆ. ಕನ್ನಡನಾಡಿನ ಮಗ್ಗಗಳೂ ಅದಕ್ಕೆ ಹೊರತಲ್ಲ.

ನೋಡುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಮುಖವನ್ನು ನೋಡಿ ತೀರ್ಪು ಕೊಡುವುದು. ನಡುವೆ ಪದಕದಂತಹ ಆಕೃತಿ, ನಾಲ್ಕು ಮೂಲೆಗಳಲ್ಲಿ ಅದರ ಕಾಲುಭಾಗ, ಸುತ್ತ ಬಳ್ಳಿ ಹೂಗಳ ಅಂಚು: ಇಷ್ಟು ಕಂಡರೆ 'ಇರಾನಿನದು' ಎಂದುಬಿಡುತ್ತಾರೆ. ಆದರೆ ವಿನ್ಯಾಸವೆಂಬುದು ಕಾಗದದ ಮೇಲೆ ಬರೆದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ವಸ್ತು. ಗಂಟು ಹಾಕುವ ಬೆರಳಿನ ಅಭ್ಯಾಸ ಹಾಗಲ್ಲ; ಅದು ತಾಯಿಯಿಂದ ಮಗಳಿಗೆ, ಉಸ್ತಾದನಿಂದ ಹುಡುಗನಿಗೆ ಬರುವಂಥದು. ಆದ್ದರಿಂದ ಬಲ್ಲವರು ರತ್ನಗಂಬಳಿಯನ್ನು ಮೊದಲು ಮಗುಚಿ ಹಾಕುತ್ತಾರೆ. ಓದಬೇಕಾದುದು ಬೆನ್ನನ್ನು.

ರಚನೆಯನ್ನು ತಿಳಿಯಲು ನಮ್ಮ ಹಳ್ಳಿಯ ಮಗ್ಗದ ಮಾತುಗಳೇ ಸಾಕು. ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡಲಾಗಿ ಹಾಯುವ ನೂಲು ಹೊಕ್ಕು. ಕಂಬಳಿಯಲ್ಲಾಗಲಿ, ನವಲಗುಂದದ ಹೆಣ್ಣುಮಕ್ಕಳು ನೇಯುವ ಹೆಸರಾಂತ ಜಮಖಾನದಲ್ಲಾಗಲಿ ಇವೆರಡೇ ಇರುತ್ತವೆ, ಬಟ್ಟೆ ಚಪ್ಪಟೆಯಾಗಿರುತ್ತದೆ. ರತ್ನಗಂಬಳಿಯಲ್ಲಿ ಮೂರನೆಯದೊಂದು ಉಂಟು. ಹಾಸಿನ ಎರಡೆರಡು ಎಳೆಗಳಿಗೆ ಬಣ್ಣದ ಉಣ್ಣೆಯ ತುಣುಕನ್ನು ಸುತ್ತಿ, ತುದಿಗಳನ್ನು ಮೇಲಕ್ಕೆ ಬಿಟ್ಟು ಕತ್ತರಿಸುತ್ತಾರೆ. ಒಂದು ಸಾಲು ಗಂಟು ಮುಗಿದ ಮೇಲೆ ಒಂದೋ ಎರಡೋ ಹೊಕ್ಕು ಹಾಯಿಸಿ ಹಣಿಗೆಯಿಂದ ಬಡಿಯುತ್ತಾರೆ. ಹೀಗೆ ಮೇಲೆದ್ದು ನಿಂತ ಉಣ್ಣೆಯ ತುದಿಗಳೇ ಕಾಲಿಗೆ ಮೆತ್ತಗೆ ತಗಲುವ ರೋಮ. ನೂಲಿನ ಕುಚ್ಚು ಹಾಸಿನ ಮುಂದುವರಿದ ತುದಿಯೇ ಹೊರತು ಬೇರೆಯಲ್ಲ. ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ ಅದು ಯಂತ್ರದ ನೇಯ್ಗೆ ಇಲ್ಲವೆ ರಿಪೇರಿಯಾದದ್ದು ಎಂದು ತಿಳಿಯಬೇಕು. ಬೆನ್ನಿಗೆ ಬಟ್ಟೆಯನ್ನು ರಬ್ಬರಿನ ಅಂಟಿನಿಂದ ಮೆತ್ತಿದ್ದರಂತೂ ಅಲ್ಲಿ ಗಂಟೇ ಇಲ್ಲ. ಉಣ್ಣೆಯನ್ನು ಬಟ್ಟೆಗೆ ಚುಚ್ಚಿ ಅಂಟಿಸಿದ್ದಷ್ಟೆ. ಅದರ ಬಗ್ಗೆ ಹೆಚ್ಚಿನ ವಿಚಾರಣೆ ಅನಗತ್ಯ.

ಗಂಟುಗಳಲ್ಲಿ ಎರಡು ಪ್ರಧಾನ ಬಗೆಗಳಿವೆ. ಉಣ್ಣೆಯ ತುಣುಕು ಎರಡು ಹಾಸುಗಳನ್ನೂ ಸಮವಾಗಿ ಸುತ್ತಿ, ಎರಡು ತುದಿಗಳೂ ಅವುಗಳ ನಡುವೆ ಹೊರಬಂದರೆ ಅದು ಸಮಗಂಟು. ತುರ್ಕಿ ಗಂಟು ಎಂದೂ ಹೆಸರು. ಒಂದು ಹಾಸನ್ನು ಪೂರ್ತಿ ಸುತ್ತಿ, ಪಕ್ಕದ ಹಾಸಿನ ಹಿಂದೆ ಸುಮ್ಮನೆ ಹಾದು, ತುದಿಗಳು ಬೇರೆ ಬೇರೆಯಾಗಿ ಹೊರಬಂದರೆ ಅದು ಅಸಮಗಂಟು. ಇದನ್ನು ಇರಾನಿ ಗಂಟು ಅಥವಾ ಸೆನ್ನೆ ಗಂಟು ಎನ್ನುವರು. ರತ್ನಗಂಬಳಿಯನ್ನು ಹೊಕ್ಕಿನ ಗೆರೆಯಗುಂಟ ಮಡಿಸಿ ರೋಮವನ್ನು ಬಿಡಿಸಿ ಬುಡವನ್ನು ಭೂತಗನ್ನಡಿಯಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸಮಗಂಟಿನಲ್ಲಿ ಎರಡು ಹಾಸುಗಳ ಮೇಲೆ ಒಂದು ಅಡ್ಡಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಅಸಮಗಂಟಿನಲ್ಲಿ ಒಂದು ಮಗ್ಗುಲು ತೆರೆದಿರುತ್ತದೆ, ರೋಮ ಎಡಕ್ಕೋ ಬಲಕ್ಕೋ ವಾಲುತ್ತದೆ.

ಇಲ್ಲಿ ಹೆಸರುಗಳನ್ನು ನಂಬಿ ಕೆಡಬಾರದು. ಸೆನ್ನೆ ಎಂಬುದು ಇರಾನಿನ ಕುರ್ದಿಸ್ತಾನದ ಒಂದು ಊರು, ಇಂದಿನ ಸನಂದಜ್. ಆ ಊರಿನವರೇ ನೇಯುವುದು ತುರ್ಕಿ ಗಂಟು! ತಬ್ರೀಜ್, ಹೆರೀಜ್, ಹಮದಾನ್ ಮುಂತಾದ ವಾಯವ್ಯ ಮತ್ತು ಪಶ್ಚಿಮ ಇರಾನಿನ ಊರುಗಳೂ ಸಮಗಂಟಿನವೇ. ಕಾಶಾನ್, ಇಸ್ಫಹಾನ್, ಕಿರ್ಮಾನ್, ಕುಮ್ ಊರುಗಳಲ್ಲಿ ಅಸಮಗಂಟು. ಭಾರತದ ಮಗ್ಗಗಳಲ್ಲಿಯೂ ಬಹುಮಟ್ಟಿಗೆ ಅಸಮಗಂಟೇ. ಅಕ್ಬರನು ಆಗ್ರಾ, ಫತೇಪುರ, ಲಾಹೋರುಗಳಲ್ಲಿ ಕಾರ್ಖಾನೆಗಳನ್ನು ಸ್ಥಾಪಿಸಿದಾಗ ಇರಾನಿನ ಕುಶಲಕರ್ಮಿಗಳಿಂದ ಬಂದ ಪದ್ಧತಿ ಅದು. ಆದುದರಿಂದ ಸಮಗಂಟು ಕಂಡರೆ ಇರಾನಿನದಲ್ಲವೆಂದೂ ಅಸಮಗಂಟು ಕಂಡರೆ ಇರಾನಿನದೇ ಎಂದೂ ಹೇಳುವಂತಿಲ್ಲ. ಗಂಟು ಸಾಧ್ಯತೆಗಳನ್ನು ಕಡಿಮೆ ಮಾಡುತ್ತದೆ, ಅಷ್ಟೆ.

ಮೂರನೆಯ ಬಗೆಯೊಂದನ್ನು ನೋಡಲು ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿದ ಟಿಬೆಟಿನ ನಿರಾಶ್ರಿತರು ತಮ್ಮ ನೇಯ್ಗೆಯನ್ನೂ ತಂದರು. ಟಿಬೆಟಿನ ಪದ್ಧತಿಯಲ್ಲಿ ಒಂದೊಂದೇ ಗಂಟನ್ನು ಕತ್ತರಿಸುವುದಿಲ್ಲ. ಹಾಸಿಗೆ ಅಡ್ಡಲಾಗಿ ಒಂದು ಸಲಾಕೆ ಇಟ್ಟು, ಉಣ್ಣೆಯನ್ನು ಹಾಸಿಗೂ ಸಲಾಕೆಗೂ ಸುತ್ತುತ್ತ ಹೋಗಿ, ಸಾಲು ಮುಗಿದ ಮೇಲೆ ಕುಣಿಕೆಗಳನ್ನು ಒಟ್ಟಿಗೆ ಕೊಯ್ದು ಸಲಾಕೆಯನ್ನು ಬಿಡಿಸುತ್ತಾರೆ. ಪುಸ್ತಕದ ಚಿತ್ರಗಳನ್ನು ಹತ್ತು ಸಲ ನೋಡಿದ್ದಕ್ಕಿಂತ ಮಗ್ಗದ ಮುಂದೆ ಅರ್ಧ ಗಂಟೆ ನಿಂತರೆ ಗಂಟಿನ ಮರ್ಮ ಹೆಚ್ಚು ತಿಳಿಯುವುದೆಂಬುದನ್ನು ಉಪಾಧ್ಯಾಯರು ಒಪ್ಪುತ್ತಾರೆ.

ಗಂಟುಗಳನ್ನು ಎಣಿಸುವುದೂ ಬೆನ್ನಿನ ಮೇಲೆಯೇ. ಒಂದು ಅಂಗುಲದಲ್ಲಿ ಅಡ್ಡಲಾಗಿ ಎಷ್ಟು, ಉದ್ದಕ್ಕೆ ಎಷ್ಟು ಎಂದು ಲೆಕ್ಕಹಾಕಿ ಗುಣಿಸಬೇಕು. ಅಡ್ಡ 12, ಉದ್ದ 13 ಆದರೆ ಚದರಂಗುಲಕ್ಕೆ 156. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಅರ್ದಬೀಲ್ ರತ್ನಗಂಬಳಿಯಲ್ಲಿ ಚದರಂಗುಲಕ್ಕೆ ಸುಮಾರು 340 ಗಂಟುಗಳಿವೆ. ಆದರೆ ಹೆಚ್ಚು ಗಂಟು ಎಂದರೆ ಹೆಚ್ಚು ಹಳೆಯದು ಎಂಬ ವ್ಯಾಪಾರಿಗಳ ಮಾತು ಅರ್ಥವಿಲ್ಲದ್ದು. ಇತ್ತೀಚಿನ ಕುಮ್ ರೇಷ್ಮೆಯ ಹಾಸಿನಲ್ಲಿ ಅರ್ದಬೀಲಿಗಿಂತ ಒತ್ತಾದ ಗಂಟುಗಳಿರಬಹುದು. ಹಳ್ಳಿಯ ಹೆಂಗಸು ನೇಯ್ದ ಶತಮಾನದ ಹಿಂದಿನ ಹೆರೀಜ್ ಹಾಸಿನಲ್ಲಿ ಐವತ್ತೇ ಇರಬಹುದು.

ಗಂಟಿಗಿಂತಲೂ ಹೆಚ್ಚು ಹೇಳುವುದು ಅಡಿಪಾಯದ ನೂಲು. ಅಲೆಮಾರಿ ಕುಲಗಳವರು ತಮ್ಮ ಕುರಿಯ ಉಣ್ಣೆಯನ್ನೇ ಹಾಸಿಗೂ ಬಳಸುತ್ತಿದ್ದರು. ನಗರದ ಕಾರ್ಖಾನೆಗಳಲ್ಲಿ ಹಾಸು ಹತ್ತಿಯದು, ಅಪರೂಪಕ್ಕೆ ರೇಷ್ಮೆಯದು. ಹಮದಾನಿನ ಹಳ್ಳಿಗಳಲ್ಲಿ ಗಂಟಿನ ಸಾಲುಗಳ ನಡುವೆ ಒಂದೇ ಹೊಕ್ಕು. ಬೆನ್ನಿನಲ್ಲಿ ಬಿಳಿಯ ಹಾಸು ಚುಕ್ಕಿಚುಕ್ಕಿಯಾಗಿ ಇಣುಕುತ್ತದೆ. ಬಿಜಾರಿನಲ್ಲಿ ಹೊಕ್ಕನ್ನು ಎಷ್ಟು ಬಲವಾಗಿ ಬಡಿಯುತ್ತಾರೆಂದರೆ ಹಾಸನ್ನು ಮಡಿಸುವುದೇ ಕಷ್ಟ. (ಈ ಬಿಜಾರ್ ಇರಾನಿನ ಊರು, ನಮ್ಮ ಬಿಜಾಪುರಕ್ಕೂ ಅದಕ್ಕೂ ಹೆಸರಿನ ಹೋಲಿಕೆಯ ಹೊರತು ಸಂಬಂಧವಿಲ್ಲ.) ಭಾರತದ ಹಾಸುಗಳಲ್ಲಿ ಹತ್ತಿಯ ನೂಲಿಗೆ ಹಲವು ಎಳೆಗಳನ್ನು ಸೇರಿಸಿ ಹುರಿ ಮಾಡಿರುವುದು ಸಾಮಾನ್ಯ. ಆ ಎಳೆಗಳು ಕೈಯಿಂದ ನೂತವೋ ಗಿರಣಿಯವೋ ಎಂಬುದನ್ನೂ ನೋಡಬೇಕು. ಕೈನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಗಿರಣಿಯ ನೂಲು ಕೊನೆಯವರೆಗೂ ಒಂದೇ ಸಮ. ಉಣ್ಣೆಯ ಗುಣವನ್ನು ಬೆರಳೇ ಹೇಳುತ್ತದೆ. ಇರಾನಿನ ಒಳ್ಳೆಯ ಉಣ್ಣೆಗೆ ಎಣ್ಣೆ ಸವರಿದಂತಹ ಹೊಳಪು, ಮೃದುತ್ವ ಇರುತ್ತದೆ. ದಖ್ಖಣದ ಕುರಿಯ ಉಣ್ಣೆ ಒರಟು, ಕೂದಲು ಮಿಶ್ರಿತ, ಹೊಳಪು ಕಡಿಮೆ. ಬಾಲ್ಯದಲ್ಲಿ ಕರಿಯ ಕಂಬಳಿ ಹೊದ್ದು ಮಲಗಿದವರಿಗೆ ಈ ಸ್ಪರ್ಶದ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

ವಿನ್ಯಾಸವನ್ನು ನಂಬಬಾರದೆಂಬ ಮಾತಿಗೆ ಉತ್ತಮ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರುಗಳು ಮೈಸೂರು ಸಂಸ್ಥಾನದ ಕೈಗಾರಿಕೆಗಳನ್ನು ವಿವರಿಸುವಾಗ ಬೆಂಗಳೂರಿನ ಎರಡು ಬಗೆಯ ಹಾಸುಗಳನ್ನು ಹೆಸರಿಸುತ್ತವೆ. ಒಂದು, ಪೇಟೆಯ ನೇಯ್ಗೆಯವರದು. ಬಹುಕಾಲ ಬಾಳುವುದು, ಎರಡು ಮಗ್ಗುಲಲ್ಲೂ ಒಂದೇ ವಿನ್ಯಾಸ ಕಾಣುವುದು ಅದರ ವೈಶಿಷ್ಟ್ಯ. ಇನ್ನೊಂದು, ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಕೈದಿಗಳು ಇರಾನಿ ಮತ್ತು ತುರ್ಕಿ ವಿನ್ಯಾಸಗಳನ್ನು ಅನುಸರಿಸಿ ನೇಯುತ್ತಿದ್ದ ರೋಮದ ರತ್ನಗಂಬಳಿ. ಇಂಡಿಯಾದ ಬೇರೆಲ್ಲಾ ಕಡೆಯವಕ್ಕಿಂತ ಇವು ಮೇಲಾದವೇ ಇರಬೇಕೆಂಬ ಅಭಿಪ್ರಾಯವೂ ಅಲ್ಲಿದೆ. ಆ ಜೈಲಿದ್ದ ಸ್ಥಳ ಈಗ ಸ್ವಾತಂತ್ರ್ಯ ಉದ್ಯಾನ. 1975ರ ತುರ್ತುಪರಿಸ್ಥಿತಿಯಲ್ಲಿ ಅಲ್ಲಿ ಬಂಧಿತರಾಗಿದ್ದ ನಾಯಕರ ನೆನಪು ಜನರಲ್ಲಿ ಉಳಿದಿದೆ, ಅದೇ ಗೋಡೆಗಳ ಒಳಗೆ ಮಗ್ಗಗಳ ಮುಂದೆ ಕುಳಿತು ಸಾವಿರಾರು ಗಂಟು ಹಾಕಿದವರ ನೆನಪು ಉಳಿದಿಲ್ಲ. ಬೆಂಗಳೂರು ಒಂಟಿಯಲ್ಲ. ಆಗ್ರಾ, ಲಾಹೋರು, ಪುಣೆಯ ಯೆರವಡಾ, ಬಿಕಾನೇರಗಳ ಜೈಲುಗಳಲ್ಲೂ ಇದೇ ಕೆಲಸ ನಡೆಯುತ್ತಿತ್ತು. ವಿಂಡ್ಸರ್ ಅರಮನೆಯ ವಾಟರ್ಲೂ ಸಭಾಂಗಣದಲ್ಲಿ ಹಾಸಲೆಂದು ವಿಕ್ಟೋರಿಯಾ ರಾಣಿಗಾಗಿ ತಯಾರಾದ ಬೃಹತ್ ರತ್ನಗಂಬಳಿಯನ್ನು ನೇಯ್ದವರು ಆಗ್ರಾ ಜೈಲಿನ ಕೈದಿಗಳು. ಇಂತಹ ಹಾಸುಗಳ ಮೇಲೆ ನೇಯ್ದವನ ಹೆಸರಿರುವುದು ಅಪರೂಪ. ಜೈಲಿನ ಮಾರಾಟದ ಕೋಣೆಯಿಂದ ಅಧಿಕಾರಿಗಳ ಬಂಗಲೆಗೆ, ಬಂಗಲೆಯ ಹರಾಜಿನಿಂದ ವಕೀಲರ ಮನೆಗೆ ಬಂದಾಗ ಅದರ ಹುಟ್ಟೂರು ಮರೆತುಹೋಗಿ, ವಿನ್ಯಾಸದ ಊರೇ ಅದರ ಊರಾಗಿಬಿಡುವುದು ಸಹಜ.

ಇದಕ್ಕಿಂತ ಹಳೆಯ, ಇನ್ನೂ ದೂರದ ನಿದರ್ಶನ ಜಪಾನಿನದು. ಕ್ಯೋಟೋ ನಗರದಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ಗಿಯೋನ್ ಉತ್ಸವ ನಡೆಯುತ್ತದೆ. ನಮ್ಮ ತೇರುಗಳನ್ನು ನೆನಪಿಗೆ ತರುವ ಎತ್ತರದ ರಥಗಳನ್ನು ಬೀದಿಯಲ್ಲಿ ಎಳೆಯುತ್ತಾರೆ. ರಥಗಳ ಮೈಗೆ ಪರದೇಶದ ಬೆಲೆಬಾಳುವ ಹಾಸುಗಳನ್ನು ಹೊದಿಸುತ್ತಾರೆ. ಡಚ್ಚರ ಹಡಗುಗಳು ನಾಗಸಾಕಿಗೆ ತಂದಿಳಿಸಿದ ಈ ಹಾಸುಗಳನ್ನು ಊರಿನ ಕೇರಿಗಳವರು ಶತಮಾನಗಳಿಂದ ಜೋಪಾನ ಮಾಡಿದ್ದಾರೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವಿದ್ವಾಂಸರು ಅವುಗಳ ನೂಲು, ಗಂಟು, ಬಣ್ಣಗಳನ್ನು ಪರೀಕ್ಷಿಸಿ, ವಿದೇಶ ವ್ಯಾಪಾರದ ದಾಖಲೆಗಳೊಡನೆ ಹೋಲಿಸಿದಾಗ ಅವುಗಳಲ್ಲಿ ಒಂದು ಗುಂಪು ದಖ್ಖಣದ್ದೆಂಬ ನಿರ್ಣಯಕ್ಕೆ ಬಂದರು. 1997ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಡೇನಿಯಲ್ ವಾಕರ್ ಏರ್ಪಡಿಸಿದ ಭಾರತೀಯ ರತ್ನಗಂಬಳಿಗಳ ಪ್ರದರ್ಶನ ಮತ್ತು ಗ್ರಂಥದಿಂದ ಈ ವಿಚಾರ ಎಲ್ಲರಿಗೂ ತಿಳಿಯಿತು. ದಖ್ಖಣವೆಂದರೆ ಬಿಜಾಪುರವೆಂದೇ ಹಿಗ್ಗುವಂತಿಲ್ಲ. ಏಲೂರು, ವಾರಂಗಲ್ ಕಡೆಯ ಮಗ್ಗಗಳೂ ಆ ಎಣಿಕೆಯಲ್ಲಿ ಸೇರುತ್ತವೆ. ಆದರೂ ಮುಖ ಹೇಳದ ಸಂಗತಿಯನ್ನು ಬೆನ್ನು ಹೇಳಿತೆಂಬುದು ಗಮನಾರ್ಹ.

ಬಿಜಾಪುರದ ಪ್ರಶ್ನೆ ಪ್ರತ್ಯೇಕವಾಗಿಯೇ ವಿಚಾರಿಸತಕ್ಕದ್ದು. ಕನ್ನಡನಾಡಿಗೆ ಇರಾನಿನ ಸಂಬಂಧ ಹೊಸದಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನು ಕ್ಯಾಸ್ಪಿಯನ್ ತೀರದ ಗೀಲಾನಿನವನು. ಆದಿಲಶಾಹಿ ಆಸ್ಥಾನದಲ್ಲಿ ಇರಾನಿನಿಂದ ಬಂದ ಕವಿಗಳು, ಲಿಪಿಕಾರರು, ವರ್ತಕರು ಹಲವರಿದ್ದರು. ಮಹಮ್ಮದ್ ಆದಿಲಶಾಹನ ಕಾಲದ ಅಸರ್ ಮಹಲಿನಲ್ಲಿದ್ದ ರತ್ನಗಂಬಳಿಗಳು ವಿದ್ವಾಂಸರ ಗಮನವನ್ನು ಬಹಳ ಹಿಂದೆಯೇ ಸೆಳೆದವು. ಗೋಲಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ರತ್ನಗಂಬಳಿಗಳನ್ನು ಕಾಣಬಹುದು. ಇವನ್ನು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕಾಶ್ಮೀರದಿಂದ ತರಿಸಿದರೆಂಬ ಮಾತು ಹಳೆಯ ಬರವಣಿಗೆಗಳಲ್ಲಿದೆ. ಇರಾನಿನವೆಂದರೂ, ಕಾಶ್ಮೀರದವೆಂದರೂ ಸುಲಭವಾಗಿ ನಂಬುವ ಜನ, ಅಷ್ಟು ದೊಡ್ಡ ರಾಜಧಾನಿಯ ಸುತ್ತಲಿನ ಮಗ್ಗಗಳಲ್ಲಿ ಅವು ಹುಟ್ಟಿರಬಹುದೇ ಎಂದು ಕೇಳುವುದೇ ಇಲ್ಲವೆಂಬುದು ಆಶ್ಚರ್ಯ. ಉತ್ತರ ಏನೇ ಬರಲಿ, ಪ್ರಶ್ನೆಯನ್ನಾದರೂ ಕೇಳಬೇಕು. ಗೋಲಗುಮ್ಮಟಕ್ಕೆ ವಿದ್ಯಾರ್ಥಿಗಳನ್ನು ಪ್ರವಾಸ ಕರೆದೊಯ್ಯುವ ಉಪಾಧ್ಯಾಯರು ಪ್ರತಿಧ್ವನಿ ಕೇಳಿಸಿ ಹಿಂದಿರುಗದೆ, ಈ ಹಾಸುಗಳ ಮುಂದೆಯೂ ಕೊಂಚ ಹೊತ್ತು ನಿಲ್ಲುವುದು ಒಳ್ಳೆಯದು.

ಇನ್ನು ವಯಸ್ಸಿನ ವಿಚಾರ. ಇಲ್ಲಿ ಮುಖ್ಯ ಸಾಕ್ಷಿ ಬಣ್ಣ. 1856ರವರೆಗೆ ಜಗತ್ತಿನ ಬಹುತೇಕ ಎಲ್ಲ ಬಣ್ಣಗಳೂ ಗಿಡ, ಕೀಟ, ಖನಿಜಗಳಿಂದ ಬಂದವು. ಕೆಂಪಿಗೆ ಮಂಜಿಷ್ಠ, ಅರಗು, ಕಿರಮಂಜಿ, ನೀಲಿಗೆ ನೀಲಿಗಿಡ, ಹಳದಿಗೆ ದಾಳಿಂಬೆ ಸಿಪ್ಪೆ ಮೊದಲಾದವು, ಬಣ್ಣ ಹಿಡಿಸಲು ಪಟಿಕ. ಮಂಜಿಷ್ಠದ ಕೆಂಪು ಇಟ್ಟಿಗೆಯ ಕಡೆಗೆ ವಾಲುತ್ತದೆ. ಅರಗಿನ ಕೆಂಪಿನಲ್ಲಿ ನೇರಳೆಯ ಛಾಯೆಯಿದೆ. ಮೊಗಲರ ಕಾಲದ ಭಾರತದ ಹಾಸುಗಳಲ್ಲಿ ಅರಗಿನ ಕೆಂಪೇ ಪ್ರಧಾನ. ಒಂದು ಬಣ್ಣದ ಪಕ್ಕದಲ್ಲಿ ಅದೇ ಬಣ್ಣದ ತಿಳಿಛಾಯೆಯನ್ನು ಗೆರೆಯಿಲ್ಲದೆ ಕೂಡಿಸುವುದು ಇಲ್ಲಿನ ನೇಯ್ಗೆಯವರ ಅಭಿರುಚಿಯಾಗಿತ್ತು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ದೊರೆತ ವಸ್ತುವಿನಿಂದ ನೇರಳೆ ಬಣ್ಣವನ್ನು ತಯಾರಿಸಿದನು. ಎರಡು ಮೂರು ವರ್ಷದೊಳಗೆ ಮೆಜೆಂಟಾ ಬಂತು. 1868ರಲ್ಲಿ ಜರ್ಮನಿಯ ಇಬ್ಬರು ರಸಾಯನಜ್ಞರು ಮಂಜಿಷ್ಠದ ಸಾರವಾದ ಅಲಿಜರಿನ್ನನ್ನು ಕೃತಕವಾಗಿ ಸಿದ್ಧಪಡಿಸಿದರು. 1870ರ ದಶಕದ ಕೊನೆಗೆ ಏಜೋ ಗುಂಪಿನ ಕಡುಗೆಂಪುಗಳು, 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದವು.

ಇವುಗಳ ಉಪಯೋಗ ಸ್ಪಷ್ಟ. ರತ್ನಗಂಬಳಿಯ ಮೂಲ ನೇಯ್ಗೆಯಲ್ಲಿ ಏಜೋ ಕೆಂಪು ಇದ್ದರೆ ಅದು 1870ರ ದಶಕಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಹಿರಿಯರು ಎಷ್ಟೇ ಆಣೆಯಿಟ್ಟು ಹೇಳಿದರೂ ಸರಿ. ಆದರೆ ಇದರ ವಿಲೋಮ ನಿಜವಲ್ಲ. ಸಸ್ಯಬಣ್ಣ ಮಾತ್ರ ಇರುವುದರಿಂದ ಹಳೆಯದೆಂದು ಹೇಳುವಂತಿಲ್ಲ, ಏಕೆಂದರೆ ಈಚೆಗೆ ಇರಾನ್, ತುರ್ಕಿಗಳಲ್ಲಿ ಸಸ್ಯಬಣ್ಣದ ಪದ್ಧತಿಯನ್ನು ಮತ್ತೆ ರೂಢಿಗೆ ತಂದಿದ್ದಾರೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಕೆಲವುಂಟು. ಬಿಳಿಯ ಬಟ್ಟೆಯನ್ನು ಒದ್ದೆ ಮಾಡಿ ಒಂದು ಮೂಲೆಯಲ್ಲಿ ಒತ್ತಿ ಹಿಡಿದರೆ ಕೆಲವು ಕೃತಕ ಕೆಂಪುಗಳು ಬಟ್ಟೆಗೆ ಇಳಿಯುತ್ತವೆ. ರೋಮವನ್ನು ಬಿಡಿಸಿ ಬುಡದ ಬಣ್ಣವನ್ನೂ ತುದಿಯ ಬಣ್ಣವನ್ನೂ ಹೋಲಿಸಬೇಕು. ಬುಡದಲ್ಲಿ ಉಜ್ವಲ ನೇರಳೆ, ತುದಿಯಲ್ಲಿ ಬೂದಿ ಬಣ್ಣ ಕಂಡರೆ ಅದು ಬಿಸಿಲಿಗೆ ನಿಲ್ಲದ ಆರಂಭಕಾಲದ ರಾಸಾಯನಿಕ ಬಣ್ಣ. ಸಸ್ಯಬಣ್ಣ ಮಾಸುವುದು ನಿಧಾನ, ಬುಡದಿಂದ ತುದಿಗೆ ಕ್ರಮಕ್ರಮವಾಗಿ. ಹಸುರನ್ನು ವಿಶೇಷವಾಗಿ ನೋಡಬೇಕು. ಹಿಂದಿನವರು ನೀಲಿಯ ಮೇಲೆ ಹಳದಿ ಹಚ್ಚಿ ಹಸುರು ಮಾಡುತ್ತಿದ್ದರು. ಹಳದಿ ಮೊದಲು ಮಾಸುವುದರಿಂದ ಹಳೆಯ ಹಾಸಿನ ಎಲೆಗಳು ನೀಲಿಗೆ ತಿರುಗಿರುತ್ತವೆ. ಕಪ್ಪು ಇನ್ನೂ ಸ್ವಾರಸ್ಯಕರ. ಕಬ್ಬಿಣದ ಅಂಶ ಸೇರಿಸಿ ಮಾಡಿದ ಕಪ್ಪು, ಕಂದು ಬಣ್ಣಗಳು ಉಣ್ಣೆಯನ್ನು ತಿನ್ನುತ್ತವೆ. ದಶಕಗಳು ಕಳೆದ ಹಾಗೆ ಆ ಗೆರೆಗಳಲ್ಲಿ ರೋಮ ತಗ್ಗಿ ಉಳಿದ ಹೂಗಳು ಉಬ್ಬುಶಿಲ್ಪದಂತೆ ಎದ್ದು ಕಾಣುತ್ತವೆ. ಒಂದೇ ಬಣ್ಣದ ಬಯಲಿನಲ್ಲಿ ಅಡ್ಡಪಟ್ಟೆಗಳಾಗಿ ಛಾಯೆ ಬದಲಾಗಿದ್ದರೆ ಅದು ದೋಷವಲ್ಲ. ಒಂದು ಕಡಾಯಿಯ ಬಣ್ಣ ತೀರಿ ಇನ್ನೊಂದು ಕಡಾಯಿಯ ನೂಲು ಬಂದುದರ ಗುರುತು.

ಹಳೆಯದೆಂದು ತೋರಿಸಲು ಮಾಡುವ ಉಪಾಯಗಳು ಬಣ್ಣಗಳಿಗಿಂತ ಹಳೆಯವು ಎನ್ನಬೇಕು. ಚಹಾದ ನೀರಿನಲ್ಲಿ ಅದ್ದುವುದು, ಕ್ಷಾರದಲ್ಲಿ ತೊಳೆಯುವುದು, ಬಿಸಿಲಿನ ಬೀದಿಯಲ್ಲಿ ಹಾಸಿ ತುಳಿಸುವುದು, ಬೆನ್ನಿನ ನಯವಿಲ್ಲದ ಎಳೆಗಳನ್ನು ಬೆಂಕಿಯಿಂದ ಸುಡುವುದು ಎಲ್ಲವೂ ನಡೆಯುತ್ತದೆ. ಆದರೆ ನಿಜವಾಗಿ ಶತಮಾನ ಕಾಲ ನೆಲಕ್ಕೆ ಒರಗಿದ ಗಂಟಿನ ಬೆನ್ನು ಹೊಳೆಯ ಕಲ್ಲಿನಂತೆ ಚಪ್ಪಟೆಯಾಗಿ ನುಣುಪಾಗಿರುತ್ತದೆ. ಹೊಸದರ ಗಂಟು ಉರುಟಾಗಿ ಪ್ರತ್ಯೇಕವಾಗಿ ನಿಂತಿರುತ್ತದೆ. ಸವೆತ ಒಂದು ಕಡೆ ಮಾತ್ರ, ನಡೆದಾಡುವ ದಾರಿಯಲ್ಲಿ ಇದ್ದರೆ ಸಹಜ. ಎಲ್ಲ ಕಡೆಯೂ ಒಂದೇ ಸಮ ಸವೆದಿದ್ದರೆ ಅನುಮಾನ ಪಡಬೇಕು.

ಕೆಲವು ರತ್ನಗಂಬಳಿಗಳಲ್ಲಿ ಇಸವಿಯನ್ನೇ ನೇಯ್ದಿರುತ್ತಾರೆ. ಹಿಜರಿ ವರ್ಷ ಚಾಂದ್ರಮಾನದ್ದು, ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಹಿಜರಿ ಸಂಖ್ಯೆಯಿಂದ ಅದರ ನೂರರಲ್ಲಿ ಮೂರು ಪಾಲನ್ನು ಕಳೆದು 622 ಕೂಡಿಸಿದರೆ ಕ್ರಿಸ್ತವರ್ಷ ಹತ್ತಿರ ಹತ್ತಿರವಾಗಿ ಸಿಗುತ್ತದೆ. ಅರ್ದಬೀಲ್ ಹಾಸಿನ ಮೇಲೆ ಕಾಶಾನಿನ ಮಕ್ಸೂದ್ ಎಂಬ ಹೆಸರೂ 946 ಎಂಬ ಸಂಖ್ಯೆಯೂ ಇವೆ. ಲೆಕ್ಕ ಹಾಕಿದರೆ 1539–40. ಮಾಧ್ಯಮಿಕ ತರಗತಿಯ ವಿದ್ಯಾರ್ಥಿಗೂ ಈ ಲೆಕ್ಕ ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ. 1925ರಲ್ಲಿ ಇರಾನ್ ಸೌರಮಾನದ ಹಿಜರಿಯನ್ನು ಅಂಗೀಕರಿಸಿತು. ಹಾಗಾಗಿ 1340 ಎಂದಿದ್ದರೆ ಚಾಂದ್ರಮಾನದಲ್ಲಿ 1921–22, ಸೌರಮಾನದಲ್ಲಿ 1961. 1976ರಿಂದ 1978ರವರೆಗೆ ಅಲ್ಲಿಯ ಸರ್ಕಾರ ಇನ್ನೊಂದು ಶಕೆಯನ್ನು ನಡೆಸಿದ್ದರಿಂದ 2535 ಎಂಬ ಅಂಕಿ ಕಂಡರೂ ಬೆರಗಾಗಬೇಕಾಗಿಲ್ಲ. ಮೋಸಕ್ಕೂ ಇಲ್ಲಿ ಅವಕಾಶ ಹೆಚ್ಚು. ಪಾರಸಿ ಲಿಪಿಯಲ್ಲಿ ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನಷ್ಟೇ ಭೇದ. ನಾಲ್ಕೈದು ಗಂಟು ಬಿಚ್ಚಿ ಮತ್ತೆ ಹಾಕಿದರೆ 1320 ಎಂಬುದು 1220 ಆಗಿ, ರತ್ನಗಂಬಳಿಗೆ ಒಂದೇ ಮಧ್ಯಾಹ್ನದಲ್ಲಿ ನೂರು ವರ್ಷ ವಯಸ್ಸಾಗುತ್ತದೆ. ಬೆನ್ನಿನಲ್ಲಿ ಆ ಜಾಗದ ಗಂಟುಗಳ ಬಣ್ಣ, ಬಿಗಿ ಬೇರೆಯಾಗಿದೆಯೇ ಎಂದು ನೋಡಿದರೆ ಮೋಸ ಸಿಕ್ಕಿಬೀಳುತ್ತದೆ.

ಪ್ರಯೋಗಾಲಯದ ಸಹಾಯ ಪಡೆಯಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಬಣ್ಣದ ರಾಸಾಯನಿಕ ವಿಶ್ಲೇಷಣೆ ನಿಜಕ್ಕೂ ಉಪಯುಕ್ತ. ಇಂಗಾಲ–14ರ ವಿಧಾನ ಬಹಳ ಪ್ರಾಚೀನ ವಸ್ತುಗಳಿಗೆ ಸೊಗಸಾಗಿ ಅನ್ವಯಿಸುತ್ತದೆ. ಆಲ್ತಾಯ್ ಪರ್ವತದ ಹಿಮದಲ್ಲಿ ಹೂತಿದ್ದು 1949ರಲ್ಲಿ ದೊರೆತ ಪಾಜಿರಿಕ್ ರತ್ನಗಂಬಳಿಯಂತಹ, ಎರಡು ಸಾವಿರ ವರ್ಷಗಳಿಗೂ ಮಿಕ್ಕ ವಸ್ತುವಿಗೆ ಅದು ಸರಿ. ಆದರೆ ಸುಮಾರು 1650ರಿಂದ 1950ರವರೆಗಿನ ಕಾಲದಲ್ಲಿ ಆ ವಿಧಾನ ಒಂದೇ ಉತ್ತರ ಕೊಡದೆ ಹಲವು ಉತ್ತರಗಳನ್ನು ಕೊಡುತ್ತದೆ. ನಮ್ಮ ಮನೆಗಳಲ್ಲಿರುವ ಹಾಸುಗಳೆಲ್ಲ ಬಹುಶಃ ಈ ಅವಧಿಯವೇ.

ಅದಕ್ಕಿಂತ ಒಳ್ಳೆಯ ಸಾಕ್ಷಿ ಒಂದು ಅನೇಕ ಮನೆಗಳ ಗೋಡೆಯ ಮೇಲೆಯೇ ತೂಗುತ್ತಿದೆ. ಹಳೆಯ ಮೈಸೂರಿನಲ್ಲಿ ಮದುವೆಯ ಮರುದಿನ ಎರಡು ಕಡೆಯ ಬೀಗರನ್ನೂ ಕುರ್ಚಿಗಳಲ್ಲಿ ಕೂರಿಸಿ, ಮಕ್ಕಳನ್ನು ಮುಂದೆ ಹಾಸಿದ ರತ್ನಗಂಬಳಿಯ ಮೇಲೆ ಕುಳ್ಳಿರಿಸಿ ಗುಂಪಿನ ಫೋಟೋ ತೆಗೆಸುವ ಪದ್ಧತಿಯಿತ್ತು. ಫೋಟೋದ ಹಿಂದೆ ತಾರೀಖು ಬರೆದಿರುವುದೂ ಉಂಟು. ಆ ಹಾಸಿನ ಅಂಚಿನ ಬಳ್ಳಿಯೂ ಅಟ್ಟದ ಮೇಲಿನದರ ಬಳ್ಳಿಯೂ ಒಂದೇ ಆದರೆ, ಆ ದಿನಕ್ಕೆ ಹಾಸು ಇತ್ತೆಂಬುದು ಸಿದ್ಧ. ಬಣ್ಣವು 'ಇದಕ್ಕಿಂತ ಹಿಂದಿನದಲ್ಲ' ಎನ್ನುತ್ತದೆ. ಫೋಟೋ 'ಇದಕ್ಕಿಂತ ಈಚಿನದಲ್ಲ' ಎನ್ನುತ್ತದೆ. ಎರಡರ ನಡುವೆ ವಯಸ್ಸು ಸಿಕ್ಕಿಬೀಳುತ್ತದೆ.

ಆರಂಭದಲ್ಲಿ ಕಲ್ಪಿಸಿದ ಕೃಷ್ಣಮೂರ್ತಿಪುರಂನ ಹಾಸಿಗೆ ಈ ಪಾಠವನ್ನು ಅನ್ವಯಿಸಿ ನೋಡಬಹುದು. ಮುಖದಲ್ಲಿ ಇರಾನಿನ ಪದಕ, ಬಳ್ಳಿಯ ಅಂಚು. ಬೆನ್ನು ತಿರುಗಿಸಿದರೆ ಅಸಮಗಂಟು. ಅಡ್ಡ 8, ಉದ್ದ 8, ಚದರಂಗುಲಕ್ಕೆ 64. ಹಾಸಿನ ನೂಲು ಗಿರಣಿಯ ಹತ್ತಿ, ಹಲವು ಎಳೆ ಸೇರಿಸಿ ಹುರಿಮಾಡಿದ್ದು. ಉಣ್ಣೆ ಕಂಬಳಿಯಂತೆ ಒರಟು. ಕೆಂಪು ಒದ್ದೆ ಬಟ್ಟೆಗೆ ಇಳಿಯುತ್ತದೆ, ಬಿಳಿಯ ಹೂಗಳ ಅಂಚಿನಲ್ಲಿ ಗುಲಾಬಿಯಾಗಿ ಹರಡಿದೆ. ಮದುವೆಯ ಫೋಟೋದ ಹಿಂದೆ ಮಸಿಯಲ್ಲಿ 1931 ಎಂದಿದೆ. ಇಷ್ಟು ಸಾಕ್ಷಿಯಿಂದ ಇರಾನಿನ ಮಾತನ್ನೂ ಇನ್ನೂರು ವರ್ಷದ ಮಾತನ್ನೂ ಬಿಡಬೇಕಾಗುತ್ತದೆ. ಭಾರತದ ಒಂದು ಕಾರ್ಖಾನೆಯ ಅಥವಾ ಜೈಲಿನ ಮಗ್ಗದಲ್ಲಿ, 1880ರಿಂದೀಚೆಗೆ, 1931ಕ್ಕೆ ಮೊದಲು ನೇಯ್ದದ್ದೆಂಬುದೇ ಹೆಚ್ಚು ಸಂಭವ. ಬೆಂಗಳೂರಿನದೇ, ಯೆರವಡಾದ್ದೇ ಎಂಬುದನ್ನು ಗಂಟು ಹೇಳಲಾರದು. ತಾತನವರ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಒಂದು ರಸೀತಿ ಸಿಕ್ಕರೆ ಅದು ಹೇಳಬಹುದು. 'ತಾತನವರು ತಂದದ್ದು' ಎಂಬ ಹಿರಿಯರ ಮಾತು ಮಾತ್ರ ಪೂರ್ತಿ ನಿಂತಿತು.

ಇಂತಹ ಹಾಸನ್ನು ಪಾಲಿಗಾಗಿ ಎರಡಾಗಿ ಕತ್ತರಿಸಿದ ಉದಾಹರಣೆಗಳಿವೆ. ಅರ್ದಬೀಲಿಗೂ ಆ ಗತಿ ತಪ್ಪಲಿಲ್ಲ. ಜೋಡಿಯಾಗಿದ್ದ ಎರಡು ಹಾಸುಗಳಲ್ಲಿ ಒಂದರ ಭಾಗಗಳನ್ನು ತೆಗೆದು ಇನ್ನೊಂದನ್ನು ಪೂರ್ತಿ ಮಾಡಿದ್ದರಿಂದಲೇ 1893ರಲ್ಲಿ ಲಂಡನ್ನಿನವರು ಕೊಂಡದ್ದು ಅಖಂಡವಾಗಿ ಕಾಣುತ್ತದೆ. ಕುಗ್ಗಿದ ಇನ್ನೊಂದು ಲಾಸ್ ಏಂಜಲೀಸಿನಲ್ಲಿದೆ. ಕತ್ತರಿ ತರುವ ಮೊದಲು, ಸಾಬೂನಿನ ನೀರಿಗೆ ಇಳಿಸುವ ಮೊದಲು, ವ್ಯಾಪಾರಿಯ ಮಾತಿಗೆ ತಲೆಯಾಡಿಸುವ ಮೊದಲು ಒಂದು ಅಂಗೈಯಗಲದ ಬಿಳಿಯ ಬಟ್ಟೆಯ ಮೇಲೆ ಅಳಿಸದ ಮಸಿಯಿಂದ ನಾಲ್ಕು ಸಾಲು ಬರೆದು, ಬೆನ್ನಿನ ಮೂಲೆಗೆ ಹತ್ತಿಯ ನೂಲಿನಿಂದ ಸಡಿಲವಾಗಿ ಹೊಲಿಯಬೇಕು: ಉದ್ದ ಅಗಲ, ಗಂಟಿನ ಬಗೆ ಮತ್ತು ಎಣಿಕೆ, ಹಾಸು ಹೊಕ್ಕುಗಳ ನೂಲು, ಯಾರಿಂದ ಯಾವಾಗ ಬಂತು. ಸ್ಟಾಕ್ ಪುಸ್ತಕದಲ್ಲಿಯೂ ಅದೇ ನಾಲ್ಕು ಸಾಲು. 'ಪರ್ಶಿಯನ್' ಎಂದು ಬರೆಯಲೇಬೇಕಾದರೆ ಅದರ ಮುಂದೆ 'ವಿನ್ಯಾಸ' ಎಂಬ ಪದವನ್ನು ಸೇರಿಸಬೇಕು.